ಅನ್ನ ತಟ್ಟೆ ತುಂಬ, ಕಾಳು ಚಮಚದಷ್ಟು

ತಪಸ್ಸು ಕಾಲದ ನಲ್ವತ್ತು ದಿನ ಮೀನು-ಮಾಂಸ ಮುಟ್ಟದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಈಗಲೂ ಸಾಕಷ್ಟು ಇವೆ. ಇನ್ನು ಜೂನ್ 9ರ ಮಧ್ಯರಾತ್ರಿಯಿಂದ ಜುಲೈ ಕೊನೆಯವರೆಗೆ ಕೇರಳ ಕರಾವಳಿಯಲ್ಲಿ ಟ್ರಾಲಿಂಗ್ ನಿಷೇಧ ಇರುವಾಗ ಮೀನಿನ ಬೆಲೆ ಕೇಳಿಯೇ ಬರಿಗೈಯಲ್ಲಿ ಮನೆಗೆ ಮರಳುವವರು ಎಷ್ಟೋ ಮಂದಿ. ಡಾಕ್ಟರರು ಹೇಳಿದರೆಂದು ಮಾಂಸ ಬಿಟ್ಟ ಹಿರಿಯರು ಪ್ರತಿಯೊಂದು ವಾಳೆಯಲ್ಲೂ ಇದ್ದಾರೆ. ಹೀಗೆ ಶಾಕಾಹಾರವು ಕೆಲವರಿಗೆ ವ್ರತ, ಕೆಲವರಿಗೆ ಪಥ್ಯ, ಮಳೆಗಾಲದಲ್ಲಿ ಬಹುತೇಕ ಎಲ್ಲರಿಗೂ ಅನಿವಾರ್ಯ. ಕಾರಣ ಯಾವುದೇ ಇರಲಿ, ಮೀನು ಬಿಟ್ಟಾಗ ಅದರ ಜಾಗಕ್ಕೆ ನಾವು ಏನನ್ನು ತರುತ್ತೇವೆ? ಹೆಚ್ಚಿನ ಮನೆಗಳಲ್ಲಿ ಬರುವುದು ಉಪ್ಪಿನಕಾಯಿ, ಚಟ್ನಿ, ಮತ್ತೊಂದು ಸೌಟು ಗಂಜಿ. ತೊಂದರೆ ಇರುವುದು ಇಲ್ಲಿ.

ಸಸ್ಯಾಹಾರದಲ್ಲಿ ಶಕ್ತಿ ಇಲ್ಲ, ಮೈ ಬೆಳೆಯುವುದಿಲ್ಲ ಎಂಬ ಮಾತು ನಿಜವಲ್ಲ. ನಮ್ಮ ಗದ್ದೆ, ಹಿತ್ತಿಲು, ಹಟ್ಟಿಗಳಿಂದ ಬರುವ ಪದಾರ್ಥಗಳಲ್ಲಿಯೇ ದೇಹಕ್ಕೆ ಬೇಕಾದ ಸಸಾರಜನಕ, ಅಂದರೆ ಪ್ರೋಟೀನು, ಪೂರ್ಣವಾಗಿ ಸಿಗುತ್ತದೆ. ಆದರೆ ಅದನ್ನು ಕೊಡುವ ಕಾಳುಗಳನ್ನು ನಾವು ಊಟವೆಂದು ಎಣಿಸದೆ ರುಚಿಗೆ ಹಾಕುವ ಸಾಮಾನೆಂದು ಎಣಿಸಿದ್ದೇವೆ. ಐದು ಜನರ ಸಾರಿಗೆ ಒಂದು ಮುಷ್ಟಿ ತೊಗರಿಬೇಳೆ! ಅದು ಪಾತ್ರೆಯ ತಳದಲ್ಲಿ ಎಲ್ಲಿದೆ ಎಂದು ಹುಡುಕಬೇಕು.

ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧೀನದಲ್ಲಿರುವ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ, ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋವಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 65 ಕಿಲೊ ತೂಗುವ ಗಂಡಸಿಗೆ ಇದು 54 ಗ್ರಾಂ. 55 ಕಿಲೊ ತೂಗುವ ಹೆಂಗಸಿಗೆ 46 ಗ್ರಾಂ.

ಈಗ ಮೀನು ಇಲ್ಲದ ಒಂದು ದಿನ, ಹೊಲಮನೆಯ ಕೆಲಸ ಮಾಡುವ ಒಬ್ಬ ತಾಯಿಯ ಊಟವನ್ನು ಲೆಕ್ಕ ಹಾಕೋಣ. ಮೂರು ಹೊತ್ತಿನ ಗಂಜಿ, ಅನ್ನ, ದೋಸೆ ಎಲ್ಲ ಸೇರಿ 300 ಗ್ರಾಂ ಅಕ್ಕಿ ಎಂದಿಟ್ಟುಕೊಂಡರೆ ಅದರಿಂದ 22 ಗ್ರಾಂ ಪ್ರೋಟೀನು. ಅಕ್ಕಿಯಲ್ಲಿ ಏನೂ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು. ತರಕಾರಿ, ಸೊಪ್ಪು 200 ಗ್ರಾಂ. ಅದರಿಂದ ಹೆಚ್ಚೆಂದರೆ 4. ತೆಂಗಿನ ತುರಿ 50 ಗ್ರಾಂ, ಅದರಲ್ಲಿ 2. ಚಹಾಕ್ಕೆ ಹಾಕಿದ ಹಾಲು ಅರ್ಧ ಲೋಟ, 3. ಸಾರಿನಲ್ಲಿ ಅವಳ ಪಾಲಿಗೆ ಬಂದ ಬೇಳೆ 10 ಗ್ರಾಂ, 2. ಒಟ್ಟು 33 ಗ್ರಾಂ. ಕೊರತೆ 13 ಗ್ರಾಂ.

ಈ ಹದಿಮೂರನ್ನು ತುಂಬಲು ಟಿ.ವಿ.ಯಲ್ಲಿ ತೋರಿಸುವ ಡಬ್ಬಿಯ ಪುಡಿ ಬೇಡ. 50 ಗ್ರಾಂ ಒಣ ಕಾಳು, ಅದು ಹುರುಳಿಯಿರಲಿ, ಹೆಸರಿರಲಿ, ಅಲಸಂಡೆ ಬೀಜವಿರಲಿ, 11 ಗ್ರಾಂ ಕೊಡುತ್ತದೆ. ಒಂದು ಬಟ್ಟಲು ಗಟ್ಟಿ ಮೊಸರು ನಾಲ್ಕೂವರೆ ಗ್ರಾಂ. ಅಲ್ಲಿಗೆ ಲೆಕ್ಕ ಸರಿಹೋಗಿ ಸ್ವಲ್ಪ ಉಳಿಯಿತು. ಗಂಡಸರು ನೂರು ಗ್ರಾಂ ಅಕ್ಕಿ ಹೆಚ್ಚು ಉಣ್ಣುತ್ತಾರೆ, ಆದುದರಿಂದ ಅವರ ಕೊರತೆಯೂ ಸುಮಾರು ಇಷ್ಟೇ, ಪರಿಹಾರವೂ ಇದೇ.

50 ಗ್ರಾಂ ಎಂದರೆ ಎಷ್ಟು ಎಂದು ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿ, ಅದಕ್ಕೆ ಸರಿಯಾದ ಒಂದು ಲೋಟಕ್ಕೆ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಕೈಯಳತೆ ಒಬ್ಬೊಬ್ಬರದು ಒಂದೊಂದು ತರ. ಇನ್ನೂ ಸುಲಭದ ಪರೀಕ್ಷೆ ಬೇಕಾದರೆ ಅಂಗಡಿಯ ಚೀಟಿ ನೋಡಿ. ಐದು ಜನರ ಮನೆಗೆ ದಿನಕ್ಕೆ ಕಾಲು ಕಿಲೊ ಎಂದರೆ ತಿಂಗಳಿಗೆ ಏಳೂವರೆ ಕಿಲೊ ಕಾಳು-ಬೇಳೆ. ನಿಮ್ಮ ಚೀಟಿಯಲ್ಲಿ ಎಷ್ಟಿದೆ? ಎರಡು ಕಿಲೊ ತೊಗರಿ, ಒಂದು ಕಿಲೊ ಕಡ್ಲೆ, ದೋಸೆಗೆ ಅರ್ಧ ಕಿಲೊ ಉದ್ದು ಎಂದಿದ್ದರೆ ಮನೆಯ ಎಲ್ಲರೂ ಅರೆಪಾಲಿನಲ್ಲಿದ್ದಾರೆ. 2024ರಲ್ಲಿ ಅದೇ ಸಂಸ್ಥೆ ಹೊರತಂದ ಆಹಾರ ಸೂತ್ರದಲ್ಲಂತೂ 2000 ಕ್ಯಾಲೊರಿಯ ಒಂದು ದಿನದ ಊಟಕ್ಕೆ 85 ಗ್ರಾಂ ಕಾಳು ಮತ್ತು 300 ಮಿಲಿಲೀಟರ್ ಹಾಲು ಎಂದು ಹೇಳಿದೆ. ಮೊಟ್ಟೆ-ಮಾಂಸ ತಿನ್ನುವವರು ಕಾಳಿನ ಒಂದು ಪಾಲನ್ನು ಅವುಗಳಿಂದ ತುಂಬಿಕೊಳ್ಳಬಹುದು. ನಾನು ಹೇಳಿದ ಐವತ್ತು ಗ್ರಾಂ ತೀರಾ ಕನಿಷ್ಠದ್ದು.

ಕೋಣಕ್ಕೆ ಕಾಳು, ನಮಗೆ ನೀರು

ನಮ್ಮ ಕಡೆಯ ಹುರುಳಿ ಸಾರಿನ ರುಚಿ ಎಲ್ಲರಿಗೂ ಗೊತ್ತು. ಆದರೆ ಅದನ್ನು ಮಾಡುವ ಹಳೆಯ ಕ್ರಮವನ್ನು ನೆನಪಿಸಿಕೊಳ್ಳಿ. ದೊಡ್ಡ ಹಂಡೆಯಲ್ಲಿ ಹುರುಳಿ ಬೇಯಿಸಿ, ಕಟ್ಟನ್ನು ಬಸಿದು ಸಾರು ಕುದಿಸಿ, ಬೆಂದ ಕಾಳನ್ನು ಉಳುವ ಎತ್ತುಗಳಿಗೂ ಕರೆಯುವ ದನಕ್ಕೂ ಹಾಕುತ್ತಿದ್ದರು. ಕಂಬಳದ ಕೋಣಗಳಿಗೆ ಇಂದಿಗೂ ಹುರುಳಿಯೇ ಮುಖ್ಯ ಆಹಾರ. ಅವುಗಳ ಮೈಕಟ್ಟು ನೋಡಿದರೆ ಹುರುಳಿಯ ಬಗ್ಗೆ ಬೇರೆ ಸಾಕ್ಷಿ ಬೇಡ. ಪ್ರೋಟೀನು ಇರುವುದು ಕಾಳಿನಲ್ಲಿ, ಕಟ್ಟಿನಲ್ಲಿ ಇಳಿದು ಬರುವುದು ಅದರ ಸ್ವಲ್ಪ ಪಾಲು ಮಾತ್ರ. ಈಗ ಎತ್ತುಗಳು ಹೋಗಿ ಟಿಲ್ಲರ್ ಬಂತು. ಆದರೂ ಬಸಿಯುವ ಅಭ್ಯಾಸ ಕೆಲವೆಡೆ ಉಳಿದು, ಬೆಂದ ಕಾಳು ಕೋಳಿಗೋ ಗೊಬ್ಬರದ ಗುಂಡಿಗೋ ಹೋಗುತ್ತಿದೆ. ಸಾರು ಮಾಡಿ, ತಕರಾರಿಲ್ಲ. ಉಳಿದ ಕಾಳಿಗೆ ತೆಂಗಿನತುರಿ, ಒಗ್ಗರಣೆ ಹಾಕಿ ಉಸುಲಿ ಮಾಡಿ, ಅಥವಾ ಅರ್ಧವನ್ನು ಅರೆದು ಸಾರಿಗೇ ಸೇರಿಸಿ.

ಅಕ್ಕಿಯೂ ಕಾಳೂ ಒಂದಕ್ಕೊಂದು ಬೇಕಾದವು. ಪ್ರೋಟೀನು ಎಂಬುದು ಹಲವು ಅಮೈನೊ ಆಮ್ಲಗಳಿಂದ ಕಟ್ಟಿದ ಸರ. ಅಕ್ಕಿಯಲ್ಲಿ ಲೈಸಿನ್ ಎಂಬ ಮಣಿ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಕಾಳಿನಲ್ಲಿ ಮಿಥಿಯೋನಿನ್ ಕಡಿಮೆ, ಅದನ್ನು ಅಕ್ಕಿ ತುಂಬಿಕೊಡುತ್ತದೆ. ಇಡ್ಲಿ, ದೋಸೆ, ಪುಟ್ಟು-ಕಡ್ಲೆ, ಗಂಜಿ ಮತ್ತು ಹೆಸರು ಪಲ್ಯ, ಇವುಗಳೆಲ್ಲ ಈ ಜೋಡಿಯೇ. ಒಂದೇ ಹೊತ್ತಿನ ತಟ್ಟೆಯಲ್ಲಿ ಎರಡೂ ಇರಬೇಕೆಂಬ ಕಟ್ಟುನಿಟ್ಟು ಏನಿಲ್ಲ, ಒಂದು ದಿನದೊಳಗೆ ಎರಡೂ ಹೊಟ್ಟೆ ಸೇರಿದರೆ ಸಾಕು.

'ಕಾಳು ತಿಂದರೆ ಗ್ಯಾಸ್' ಎಂಬ ದೂರು ಸುಳ್ಳಲ್ಲ. ಅದಕ್ಕೆ ಕಾರಣ ಕಾಳಿನಲ್ಲಿರುವ ಕೆಲವು ಜಾತಿಯ ಸಕ್ಕರೆಗಳು. ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಅವು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಮೊಳಕೆ ಬೇಗ ಲೋಳೆ ಹಿಡಿಯುವುದರಿಂದ ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಿ. ಅಭ್ಯಾಸವಿಲ್ಲದವರು ಮೊದಲ ವಾರ ಅರ್ಧ ಪಾಲಿನಿಂದ ತೊಡಗಬಹುದು. ಹಲ್ಲಿಲ್ಲದ ಹಿರಿಯರಿಗೆ ಹೆಸರುಬೇಳೆ ಹಾಕಿ ಬೇಯಿಸಿದ ಗಂಜಿ ಸುಲಭ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪ್ರೋಟೀನು ಹೆಚ್ಚಿಸುವ ಮೊದಲು ತಮ್ಮ ಡಾಕ್ಟರರನ್ನು ಕೇಳಲೇಬೇಕು.

ಹಿತ್ತಿಲಿನ ಬೇರೆ ಪದಾರ್ಥಗಳ ಬಗ್ಗೆ ಎರಡು ಮಾತು. ನೆಲಗಡಲೆ ಬಡವರ ಬಾದಾಮಿ ಎನ್ನುತ್ತಾರೆ, ಸರಿಯಾದ ಮಾತೇ. ನೂರು ಗ್ರಾಮಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನು. ಬೂಷ್ಟು ಹಿಡಿದದ್ದನ್ನು ಮಾತ್ರ ಹುರಿದೂ ತಿನ್ನಬಾರದು, ಆ ವಿಷ ಹುರಿದರೆ ಹೋಗುವುದಿಲ್ಲ. ಸೋಯಾ ಉಂಡೆಗಳು ಇನ್ನೂ ಬಲವಾದವು, 25 ಗ್ರಾಂ ಒಣ ಉಂಡೆಯಲ್ಲಿ 13 ಗ್ರಾಂ ಇದೆ. ಮಕ್ಕಳು ಮಾಂಸದ ಪದಾರ್ಥದಂತೆ ಇಷ್ಟಪಡುತ್ತಾರೆ. ಹಲಸಿನ ಬೇಳೆ ಮಳೆಗಾಲದ ಒಳ್ಳೆಯ ಆಸರೆ, ಆದರೆ ಅದರಲ್ಲಿ ಹೆಚ್ಚಿನದು ಪಿಷ್ಟ, ನೂರು ಗ್ರಾಮಿಗೆ ಆರು ಗ್ರಾಂ ಪ್ರೋಟೀನು ಅಷ್ಟೇ. ಅಣಬೆಯನ್ನು ಮಾಂಸಕ್ಕೆ ಸಮ ಎಂದು ಹೊಗಳುವುದು ಅತಿಯಾಯಿತು. ಅದರಲ್ಲಿ ಹೆಚ್ಚಿನದು ನೀರು. ಗೇರುಬೀಜದ ವಿಷಯ ಹೇಳುವಾಗ ಬೇಸರವಾಗುತ್ತದೆ. ನೂರು ಗ್ರಾಮಿನಲ್ಲಿ 20 ಗ್ರಾಮಿನಷ್ಟು ಪ್ರೋಟೀನಿರುವ ಬೀಜವನ್ನು ಕೊನೆಯ ಕಾಳಿನವರೆಗೂ ಅಂಗಡಿಗೆ ತೂಗಿ, ಅದೇ ಹಣದಲ್ಲಿ ಮೈದಾ ಬಿಸ್ಕತ್ತಿನ ಕಟ್ಟು ಹಿಡಿದುಕೊಂಡು ಮನೆಗೆ ಬರುತ್ತೇವೆ. ವರ್ಷಕ್ಕೆ ನಾಲ್ಕೈದು ಕಿಲೊ ಆದರೂ ಮಕ್ಕಳಿಗೆಂದು ಸುಟ್ಟು ಇಡಬಾರದೇ?

ಬಸುರಿ, ಬಾಣಂತಿ, ಎಳೆಮಕ್ಕಳು

ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ತಾಯಿ. ಅವಳ ಸರದಿ ಬರುವಾಗ ಉಳಿದಿರುವುದು ಅನ್ನ ಮತ್ತು ತಿಳಿಸಾರು. ಅವಳು ಬಸುರಿಯಾಗಿದ್ದರೆ ಅಗತ್ಯ ಎಷ್ಟು ಏರುತ್ತದೆ ನೋಡಿ: ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ ಒಂಬತ್ತೂವರೆ ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚು. ಹೆರಿಗೆಯ ನಂತರ ಮೊದಲ ಆರು ತಿಂಗಳು ಸುಮಾರು 17 ಗ್ರಾಂ ಹೆಚ್ಚು. ಕೊನೆಯ ತಿಂಗಳುಗಳಲ್ಲಿ ಮೇಲಿನ ಐವತ್ತು ಗ್ರಾಂ ಕಾಳಿನ ಮೇಲೆ ಮತ್ತೈವತ್ತು ಗ್ರಾಂ, ಒಂದು ದೊಡ್ಡ ಲೋಟ ಹಾಲು, ಒಂದು ಹಿಡಿ ನೆಲಗಡಲೆ, ಇಷ್ಟಾದರೆ ಸಾಕಾಗುತ್ತದೆ. ಅವಳ ಕಾಳಿನ ಪಾಲನ್ನು ಬಡಿಸುವ ಮೊದಲೇ ಬೇರೆ ಬಟ್ಟಲಲ್ಲಿ ತೆಗೆದಿಡುವುದು ಅತ್ತೆಯ ಕೆಲಸ ಎಂದು ನನ್ನ ಅಭಿಪ್ರಾಯ. ಸೊಸೆ ತಾನಾಗಿ ತೆಗೆದಿಡಲಾರಳು.

ಬಾಣಂತಿಗೆ ಕಾಳು 'ಶೀತ', 'ವಾಯು' ಎಂದು ತಿಂಗಳುಗಟ್ಟಲೆ ಬೆಳ್ಳುಳ್ಳಿ ಚಟ್ನಿ ಮತ್ತು ಅನ್ನದಲ್ಲೇ ಇಡುವ ಮನೆಗಳಿವೆ. ಚೆನ್ನಾಗಿ ಬೆಂದ ಹೆಸರು, ತೊಗರಿ ಯಾವ ಬಾಣಂತಿಗೂ ತೊಂದರೆ ಮಾಡುವುದಿಲ್ಲ.

ವ್ರತದ ವಿಚಾರದಲ್ಲೂ ಕೆಲವರಿಗೆ ಅನಗತ್ಯ ಭಯವಿದೆ. 1966ರಲ್ಲಿ ಪೋಪ್ ಆರನೆಯ ಪೌಲರು ಕೊಟ್ಟ ನಿಯಮದಂತೆ ಮಾಂಸ ವರ್ಜನೆಯಲ್ಲಿ ಹಾಲು, ಮೊಟ್ಟೆಗಳು ಸೇರಿಲ್ಲ. ಹದಿನಾಲ್ಕು ವರ್ಷ ತುಂಬದ ಮಕ್ಕಳಿಗೆ ವರ್ಜನೆಯ ಕಟ್ಟು ಇಲ್ಲ. ಬಸುರಿಯರು, ರೋಗಿಗಳು ತಮ್ಮ ಗುರುಗಳನ್ನು ಕೇಳಿದರೆ ಧೈರ್ಯದ ಮಾತನ್ನೇ ಕೇಳುವರು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಉತ್ತಮ ಪ್ರೋಟೀನು ಇದೆ.

ಎಳೆಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಹಾಲು ಮಾತ್ರ. ಅನಂತರ ರಾಗಿ ಮಣ್ಣಿ, ಬಾಳೆಕಾಯಿ ಪುಡಿಯ ಮಣ್ಣಿ ಕೊಡುವುದು ವಾಡಿಕೆ. ರಾಗಿ ಒಳ್ಳೆಯದು. ಬಾಳೆಕಾಯಿ ಪುಡಿ ಹೊಟ್ಟೆ ತುಂಬಿಸುತ್ತದೆ, ಆದರೆ ಅದು ಹೆಚ್ಚಾಗಿ ಪಿಷ್ಟ. ಅದೊಂದನ್ನೇ ತಿಂದ ಮಗು ದುಂಡಗೆ ಕಂಡರೂ ಅದರ ಮಾಂಸಖಂಡಕ್ಕೆ ಬಲ ಬಾರದು. ಹುರಿದು ಪುಡಿ ಮಾಡಿದ ಹೆಸರನ್ನು ಮೂರು ಪಾಲು ರಾಗಿಗೆ ಒಂದು ಪಾಲಿನಂತೆ ಸೇರಿಸಿ, ಬೆಂದ ಮೇಲೆ ಅರ್ಧ ಚಮಚ ತೆಂಗಿನೆಣ್ಣೆಯೋ ತುಪ್ಪವೋ ಹಾಕಿ. ಮಗುವಿನ ಹೊಟ್ಟೆ ಚಿಕ್ಕದು, ದಿನಕ್ಕೆ ನಾಲ್ಕೈದು ಬಾರಿ ಕೊಡಬೇಕು. ಒಟ್ಟು ಆಹಾರವೇ ಸಾಲದಿದ್ದರೆ ಕೊಟ್ಟ ಪ್ರೋಟೀನನ್ನೂ ದೇಹ ಸೌದೆಯಂತೆ ಉರಿಸಿಬಿಡುತ್ತದೆ. ಹೈದರಾಬಾದಿನ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ. ಗೋಪಾಲನ್‌ರವರು ನಮ್ಮ ದೇಶದ ಮಕ್ಕಳ ವಿಷಯದಲ್ಲಿ ಒತ್ತಿ ಹೇಳಿದ್ದು ಇದನ್ನೇ.

ಕಾಳುಗಳ ಬಲದಿಂದಲೇ ಮಗುವಿನ ಆಹಾರ ಮಾಡಬಹುದೆಂಬುದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅಂಗನವಾಡಿಗಳಿಂದ ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗೆ ಕೊಡುವ 'ಅಮೃತಂ' ಪುಡಿಯನ್ನು ರೂಪಿಸಿದ್ದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿ.ಪಿ.ಸಿ.ಆರ್.ಐ. ಎಂದು ಕರೆಯುವ ಸಂಸ್ಥೆ. ಗೋಧಿ, ಕಡ್ಲೆ, ನೆಲಗಡಲೆ, ಸೋಯಾ, ಸಕ್ಕರೆ ಇಷ್ಟೇ ಅದರಲ್ಲಿರುವುದು. ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕಾಳುಗಳದ್ದೇ. ಕೇರಳದಾದ್ಯಂತ ಅದನ್ನು ಹುರಿದು, ಪುಡಿಮಾಡಿ, ತುಂಬಿಸುವವರು ಕುಟುಂಬಶ್ರೀಯ ಮಹಿಳೆಯರು. ಮಗುವಿನ ಹೆಸರಿನಲ್ಲಿ ಬಂದ ಪುಡಿಯಿಂದ ಮನೆಮಂದಿಗೆಲ್ಲ ಉಂಡೆ ಕಟ್ಟಬಾರದು ಎಂದು ಮಾತ್ರ ಅಜ್ಜಿಯಂದಿರಲ್ಲಿ ವಿನಂತಿ.

ಕಬ್ಬಿಣ, ಸುಣ್ಣ ಮತ್ತು ಬಿ-12

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 36 ಮಂದಿಗೆ ರಕ್ತಹೀನತೆ. ಆಸ್ಪತ್ರೆ, ಶಾಲೆಗಳಲ್ಲಿ ಮುಂದಿರುವ ರಾಜ್ಯದ ಕಥೆ ಇದು. ಸಸ್ಯಾಹಾರದಲ್ಲಿರುವ ಕಬ್ಬಿಣದಂಶ ಮೀನು-ಮಾಂಸದ್ದರಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಅದನ್ನು ಎಳೆದು ತರುವುದು 'ಸಿ' ಜೀವಸತ್ವ, ತಡೆಯುವುದು ಊಟದ ಹಿಂದೆಯೇ ಕುಡಿಯುವ ಚಹಾ, ಕಾಫಿ. ಹರಿವೆ, ನುಗ್ಗೆಸೊಪ್ಪು, ಕಾಳಿನ ಪಲ್ಯ ಉಂಡ ದಿನ ಜೊತೆಗೆ ಲಿಂಬೆಹುಳಿ, ನೆಲ್ಲಿಕಾಯಿ, ಪೇರಳೆ ಏನಾದರೊಂದು ಇರಲಿ. ಚಹಾ ಒಂದು ಗಂಟೆ ಕಾಯಲಿ. ತಪಸ್ಸು ಕಾಲ ಬರುವುದೇ ಗೇರುಹಣ್ಣಿನ ಕಾಲದಲ್ಲಿ. ಕಿತ್ತಳೆಗಿಂತ ಹಲವು ಪಟ್ಟು 'ಸಿ' ಜೀವಸತ್ವವಿರುವ ಹಣ್ಣು ಗುಡ್ಡದ ತುಂಬ ಕೊಳೆತು ಬೀಳುತ್ತದೆ. ಉಪ್ಪು ಹಚ್ಚಿದರೆ ಗಂಟಲು ಕೆರೆಯುವುದು ಕಡಿಮೆ; ದಿನಕ್ಕೆ ಒಂದು ಹಣ್ಣು ತಿಂದರೆ ಸಾಕು. ಆದರೆ ರಕ್ತ ತೀರಾ ಕಡಿಮೆಯಾದವರಿಗೆ ಸೊಪ್ಪಿನಿಂದ ಆಗುವ ಕೆಲಸವಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಕಬ್ಬಿಣದ ಮಾತ್ರೆ ನುಂಗಲೇಬೇಕು.

ಸುಣ್ಣದಂಶಕ್ಕೆ ಹಾಲು-ಮೊಸರು, ರಾಗಿ, ಎಳ್ಳು, ನುಗ್ಗೆಸೊಪ್ಪು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚಿದೆ, ಬೇಕಾದದ್ದು ದಿನಕ್ಕೆ 1000. ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು ಹಾಕಿದ ಮಜ್ಜಿಗೆ ಬಾಯಾರಿಕೆಗೆ ಒಳ್ಳೆಯದು, ಹಾಲಿನ ಲೆಕ್ಕಕ್ಕೆ ಹಿಡಿಯಬೇಡಿ.

ಬಿ-12 ಎಂಬ ಜೀವಸತ್ವದ ವಿಷಯದಲ್ಲಿ ಮಾತ್ರ ಸಸ್ಯಾಹಾರದ ದೊಡ್ಡಸ್ತಿಕೆ ನಡೆಯುವುದಿಲ್ಲ. ಅದು ಸೊಪ್ಪು, ಕಾಳು, ಧಾನ್ಯ ಯಾವುದರಲ್ಲಿಯೂ ನೆಚ್ಚಬಹುದಾದಷ್ಟು ಇಲ್ಲ. ಹುಳಿ ಬರಿಸಿದ ಹಿಟ್ಟಿನಲ್ಲಿ ಹುಟ್ಟುತ್ತದೆ ಎಂಬುದನ್ನು ನಂಬಿ ಕೂರಬಾರದು. ಹಾಲು, ಮೊಸರು, ಮೊಟ್ಟೆಯಿಂದಲೇ ಬರಬೇಕು. ಅವನ್ನೂ ಬಿಟ್ಟವರು ಮಾತ್ರೆ ತೆಗೆದುಕೊಳ್ಳಬೇಕು. ನಲ್ವತ್ತು ದಿನದ ವ್ರತದಿಂದ ಕೊರತೆ ಬರುವುದಿಲ್ಲ, ಏಕೆಂದರೆ ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುತ್ತದೆ. ಆದರೆ ವರ್ಷಗಟ್ಟಲೆ ಮೀನು-ಮಾಂಸ ಬಿಟ್ಟು ಕರಿ ಚಹಾ, ಗಂಜಿಯಲ್ಲೇ ಇರುವ ಹಿರಿಯರಿಗೆ ಪಾದ ಜುಮುಗುಟ್ಟುವುದು, ನಡೆಯುವಾಗ ತೂಗಾಡುವುದು, ಮರೆವು, ಸುಸ್ತು ಕಾಣಿಸಿಕೊಂಡರೆ ಎಲ್ಲವನ್ನೂ ಪ್ರಾಯದ ಮೇಲೆ ಹಾಕದೆ ರಕ್ತಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ದೀರ್ಘಕಾಲದಿಂದ ನುಂಗುವವರಲ್ಲಿಯೂ ಬಿ-12 ಕಡಿಮೆಯಾಗುವುದುಂಟು. ತಡಮಾಡಿದರೆ ನರಗಳಿಗಾದ ಹಾನಿ ಪೂರ್ಣ ಸರಿಹೋಗದು.

ಗದ್ದೆಗೆ ಮರಳಿ ಕಾಳು

ಹಿಂದೆ ಬೈಲಿನಲ್ಲಿ ಏಣೇಲು, ಸುಗ್ಗಿ ಎರಡು ಬೆಳೆ ತೆಗೆದ ಮೇಲೆ ನೀರಿಲ್ಲದ ಗದ್ದೆಗಳಿಗೆ ಹುರುಳಿ, ಉದ್ದು, ಹೆಸರು, ಅಲಸಂಡೆ ಬಿತ್ತುತ್ತಿದ್ದರು. ಮಣ್ಣಿನಲ್ಲಿ ಉಳಿದ ಪಸೆ ಮತ್ತು ಬೆಳಗಿನ ಇಬ್ಬನಿಯಲ್ಲೇ ಬೆಳೆ ಬರುತ್ತಿತ್ತು. ಗದ್ದೆ ಅಡಿಕೆ ತೋಟವಾದಾಗ ಅಕ್ಕಿಯ ಜೊತೆ ಕಾಳೂ ಮನೆಯಿಂದ ಹೋಯಿತು. ಅಕ್ಕಿಯನ್ನು ರೇಶನ್ ಅಂಗಡಿ ಕೊಟ್ಟಿತು, ಕಾಳಿಗೆ ಕೈಯಿಂದ ಹಣ ಹಾಕಬೇಕಾಯಿತು. ಅಂದಿನಿಂದ ಸಾರು ತೆಳ್ಳಗಾಯಿತು.

ಗದ್ದೆ ಉಳಿಸಿಕೊಂಡವರು ಸುಗ್ಗಿ ಕೊಯ್ದ ಹಿಂದೆಯೇ, ನೆಲ ಒಣಗಿ ಬಿರುಕು ಬಿಡುವ ಮೊದಲು, ಒಂದು ಉಳುಮೆ ಮಾಡಿ ಬಿತ್ತಬಹುದು. ಎಕರೆಗೆ ಎರಡೂವರೆ ಕ್ವಿಂಟಾಲ್ ಎಂದು ಸಾಧಾರಣವಾಗಿ ಹಿಡಿದರೂ ಹತ್ತು ಸೆಂಟ್ಸ್ ಜಾಗದಿಂದ 25 ಕಿಲೊ, ಐದು ಜನರ ಮನೆಗೆ ಮೂರು ತಿಂಗಳಿಗಿಂತ ಹೆಚ್ಚಿನ ಕಾಳು. ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಮುಂದಿನ ಬತ್ತಕ್ಕೂ ಲಾಭ. ಕಾಯಿ ಕೊಯ್ದ ಮೇಲೆ ಗಿಡ ಕೀಳದೆ ಮಣ್ಣಿಗೇ ಸೇರಿಸಿ. ಗದ್ದೆ ಇಲ್ಲದವರು ಎಳೆಯ ಅಡಿಕೆ, ತೆಂಗಿನ ತೋಟದಲ್ಲಿ ಬಿಸಿಲು ಬೀಳುವ ಪಟ್ಟಿಗಳಲ್ಲಿ ಹಾಕಬಹುದು. ಬೆಳೆದ ತೋಟದ ನೆರಳಿನಲ್ಲಿ ಬಳ್ಳಿ ಬಂದೀತು, ಕಾಯಿ ಬಾರದು. ನವಿಲು, ಮಂಗಗಳ ಕಾಟ ಈಗ ಎಲ್ಲ ಕಡೆ ಇರುವುದರಿಂದ ಮನೆಗೆ ಹತ್ತಿರದ, ನಾಯಿ ಓಡಾಡುವ ಜಾಗವೇ ಮೇಲು. ಅಲಸಂಡೆಯನ್ನು ಎಳೆಯದಾಗಿ ಪಲ್ಯಕ್ಕೆ ಕೊಯ್ಯುವುದರ ಜೊತೆಗೆ ಕೆಲವು ಬಳ್ಳಿಗಳನ್ನು ಬಲಿತು ಒಣಗಲು ಬಿಡಿ. ಎಳೆ ಕಾಯಿಯಲ್ಲಿ ಪ್ರೋಟೀನು ತೀರಾ ಕಡಿಮೆ, ಒಣ ಬೀಜದಲ್ಲಿರುವುದು ಅದರ ಎಷ್ಟೋ ಪಟ್ಟು.

ಕೊಯ್ದ ಕಾಳನ್ನು ಮೂರು-ನಾಲ್ಕು ಒಳ್ಳೆಯ ಬಿಸಿಲಿಗೆ ಹಾಕಿ, ಕಚ್ಚಿದರೆ ಟಕ್ಕೆಂದು ಒಡೆಯುವಷ್ಟು ಒಣಗಿಸಬೇಕು. ತಣಿದ ಮೇಲೆ ಕಿಲೋವಿಗೆ ಎರಡು ಚಿಕ್ಕ ಚಮಚದಂತೆ ತೆಂಗಿನೆಣ್ಣೆ ಹಾಕಿ ಎಲ್ಲ ಕಾಳಿಗೂ ತಾಗುವಂತೆ ಕೈಯಲ್ಲಿ ತಿಕ್ಕಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಸಿಡಿ. ಎಣ್ಣೆ ಹಚ್ಚಿದ ಕಾಳಿನ ಮೇಲೆ ಹುಳದ ಮೊಟ್ಟೆ ಬದುಕುವುದಿಲ್ಲ, ಆದ್ದರಿಂದ ಮಳೆಗಾಲ ಕಳೆಯುವವರೆಗೂ ಕಾಳು ತೂತಾಗದೆ ಉಳಿಯುತ್ತದೆ.